ಚಿತ್ತೆ ಮಳೆಯ ಹೊತ್ತಿಗೆ ಬರುವವರು

ಚಿತ್ತೆ ಮಳೆ ಹಿಡಿಯಿತೆಂದರೆ ಅವಲಪಲ್ಲಿ ಕಡೆ ಎಲ್ಲರ ಬಾಯಲ್ಲೂ ರಾಗಿ ತೆನೆಯದೇ ಮಾತು. ನನ್ನ ಕಣ್ಣು ಮಾತ್ರ ನೀರಂಚಿನಲ್ಲಿ. ಬೂದು ಸಿಪಿಲೆ ಅಷ್ಟರಲ್ಲಿ ಬಂದಿರುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಒಂದು ಗಳಿಗೆಯೂ ಸುಮ್ಮನಿರದ ಉದ್ದ ಬಾಲ. ಹಿಮಾಲಯದಿಂದಲೋ ಅದರಾಚೆಯಿಂದಲೋ ಇಳಿದು ಬಂದದ್ದು, ನಮ್ಮ ಕಾಲುವೆ ದಡದಲ್ಲಿ ಹುಳ ಹೆಕ್ಕುತ್ತ ಓಡಾಡುವುದನ್ನು ಎಷ್ಟು ನೋಡಿದರೂ ಸಾಲದು.

ಹೊಸೂರಿನವರಿಗೆ ಕಡಲು ದೂರ. ನಮಗೆ ಕೆಲವರಪಲ್ಲಿ ಅಣೆಕಟ್ಟಿನ ಹಿನ್ನೀರೇ ಕಡಲು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಇಲ್ಲಿ ಬಂದು ನಿಲ್ಲುತ್ತದೆ. ಬರುವಾಗ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತದೆ. ಜೋರು ಮಳೆಗೆ ಬಾಗಿಲು ತೆರೆದರೆ ನೀರಿಗಿಂತ ನೊರೆಯೇ ಹೆಚ್ಚು. ಆ ನೊರೆ ಕಂಡಾಗ ಹೊಟ್ಟೆ ಉರಿಯುತ್ತದೆ. ಆದರೂ ಮೆಟ್ಟುಗಾಲು ಹಕ್ಕಿಗಳು ಅಲ್ಲೇ ಕೆಂಪು ಕಾಲೂರಿ ಮೇಯುತ್ತವೆ. ಹಕ್ಕಿ ಇದೆ, ಹಾಗಾಗಿ ನೀರು ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಗದ್ದೆಗೊರವಗಳ ವಿಷಯ ಬಂದರೆ ಮಾತು ಉದ್ದವಾಗುತ್ತದೆ. ಹಸಿರು ಗದ್ದೆಗೊರವ, ಅಡವಿ ಗದ್ದೆಗೊರವ ಎರಡೂ ಕೆಸರಲ್ಲಿ ನಿಂತಾಗ ಒಂದೇ ತರ. ಎದ್ದು ಹಾರಲಿ, ಆಗ ನೋಡಿ: ಹಸಿರಿನದಕ್ಕೆ ರೆಕ್ಕೆಯಡಿ ಕಪ್ಪು, ಸೊಂಟ ಬೆಳ್ಳಗೆ, ಅಡವಿಯದಕ್ಕೆ ರೆಕ್ಕೆಯಡಿ ತಿಳಿ ಬಣ್ಣ, ಕಣ್ಣ ಮೇಲಿನ ಬಿಳಿ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ.

ಕಂಡದ್ದನ್ನು ಬರೆದಿಡಬೇಕು. 2002ರಲ್ಲಿ ಅಮೆರಿಕದಲ್ಲಿ ಶುರುವಾದ ಇ-ಬರ್ಡ್‌ನಲ್ಲಿ ಈಗ ನಮ್ಮ ಹಳ್ಳಿ ಹುಡುಗರೂ ಮೊಬೈಲಿನಲ್ಲೇ ಪಟ್ಟಿ ಹಾಕಬಹುದು: ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು, ಯಾವುದು ಎಷ್ಟು. ದೇಶದ ಹಕ್ಕಿಗಳ ಸ್ಥಿತಿ ಹೇಳುವ 2023ರ ವರದಿ 942 ಜಾತಿಗಳ ಲೆಕ್ಕ ತೆಗೆದದ್ದು ಇಂಥ ಹವ್ಯಾಸಿಗಳ ಪಟ್ಟಿಗಳಿಂದಲೇ. ಅಪರೂಪದ ಬಾತು ಕಂಡರೆ ಎಲ್ಲರೂ ಬರೆಯುತ್ತಾರೆ. ಕಾಗೆ, ಗೊರವಂಕ, ನಾಮದ ಕೋಳಿಯನ್ನು ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಇವತ್ತು ಗೊರವಂಕವನ್ನು ಎಣಿಸದಿದ್ದರೆ, ನಾಳೆ ಅದು ಕಡಿಮೆಯಾದಾಗ ಮೊದಲು ಎಷ್ಟಿತ್ತು ಅಂತ ಯಾರನ್ನು ಕೇಳುವುದು? ನೊರೆ ಎದ್ದ ದಿನವನ್ನೂ ಪಟ್ಟಿಯ ಟಿಪ್ಪಣಿಯಲ್ಲಿ ಸೇರಿಸಿ.

ಸ್ವಾತಿ ಕಳೆದ ಮೇಲೆ ಸೂಜಿಬಾಲದ ಬಾತುಗಳ ಕಾಲ. ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ನೀರಿನ ಹೊಳಪಿಗೆ ಬಾಲವಿರಲಿ, ಬಾತೇ ಕಾಣುವುದಿಲ್ಲ.