ಚಂದನದ ಖರ್ಚು ಯಾರದು?

ಬಿಟ್ಟಿಯಾಗಿ ದೊರೆತ ವಸ್ತುವಿನ ಬೆಲೆಯನ್ನು ಯಾರೂ ವಿಚಾರಿಸುವುದಿಲ್ಲ. ಬೀದಿಯ ದೀಪ, ಊರ ಬಾವಿ, ಸರಕಾರಿ ಶಾಲೆ ಇವುಗಳ ಸಾಲಿಗೇ ದೂರದರ್ಶನದ ಚಂದನ ವಾಹಿನಿಯೂ ಸೇರಿದ್ದು. ಅದು ಇದೆ, ಬೇಕಾದವರು ನೋಡುತ್ತಾರೆ, ಬೇಡವಾದವರು ಮುಂದಿನ ಗುಂಡಿಯನ್ನೊತ್ತುತ್ತಾರೆ. ಅದನ್ನು ನಡೆಸುವವರು ಯಾರು, ಅದಕ್ಕೆ ಹಣ ಬರುವುದೆಲ್ಲಿಂದ, ಅದು ಕೆಟ್ಟರೆ ಕೇಳಬೇಕಾದುದು ಯಾರನ್ನು ಎಂಬ ಮೂರು ಪ್ರಶ್ನೆಗಳು ಸುಲಭವಾಗಿ ಮನಸ್ಸಿಗೆ ಹೊಳೆಯುವಂಥವಲ್ಲ. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಅವನ್ನು ಹೊಳೆಯಿಸಿದವರು ಶಾಲೆಯ ಮೆಟ್ಟಿಲು ಹತ್ತದ ನನ್ನ ಮುತ್ಯಾ.

ಟೆಲಿವಿಷನ್ನಿನ ವಿಷಯದಲ್ಲಿ ಮುತ್ಯಾ ನನಗಿಂತ ಹಿರಿಯ ವಿದ್ಯಾರ್ಥಿ. 1975ನೆಯ ಇಸವಿಯ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲಾಗಿ ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪಾಠ, ಬೇಸಾಯ, ಆರೋಗ್ಯದ ಮಾತುಗಳನ್ನು ತೋರಿಸಿದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ರಾಜಧಾನಿಗಿಂತ ಆರು ವರ್ಷ ಮೊದಲೇ ನಮ್ಮ ಕಡೆಯ ಒಕ್ಕಲು ಮಕ್ಕಳು ಟಿ.ವಿ. ಕಂಡಿದ್ದರೆಂದರೆ ಸೋಜಿಗವಲ್ಲವೆ? ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಕೊಡೆಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರೆಂದೂ, ಸಂಜೆಯಾದರೆ ಊರಿಗೂರೇ ಅದರ ಮುಂದೆ ಕೂಡುತ್ತಿತ್ತೆಂದೂ ಮುತ್ಯಾ ಈಗಲೂ ಹೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಅವರು ನನ್ನನ್ನು ಕೇಳಿದರು: “ಯವ್ವಾ, ಉಳಿದ ಚಾನೆಲ್ಲಿಗೆ ತಿಂಗಳಾ ರೊಕ್ಕ ಕಟ್ಟಬೇಕು. ಚಂದನಕ್ಕ ಯಾರೂ ಕಟ್ಟಂಗಿಲ್ಲ. ಮತ್ತ ಅದು ನಡೀತದ ಹ್ಯಾಂಗ?”

“ಸರಕಾರದ್ದು ಮುತ್ಯಾ, ಸರಕಾರ ಕೊಡ್ತದ” ಎಂದೆ.

“ಯಾವ ಸರಕಾರ? ಬೆಂಗಳೂರಿಂದೋ, ಡಿಲ್ಲಿದೋ? ಸರಕಾರ ಕೊಡ್ತದ ಅಂದ್ರ ಅದು ಸರಕಾರ ಹೇಳಿದ್ದೇ ಹೇಳ್ತದೇನು?”

ಇಡೀ ಒಂದು ಪ್ರಶ್ನಪತ್ರಿಕೆ ಆ ಮಾತಿನಲ್ಲಿ ಅಡಗಿತ್ತು. ಉತ್ತರವನ್ನು ಹುಡುಕಿಕೊಂಡು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೆಲವು ಮಧ್ಯಾಹ್ನಗಳನ್ನು ಕಳೆದೆನು. ತಿಳಿದುಬಂದುದನ್ನು ವಾಚಕರ ಮುಂದಿಡುತ್ತೇನೆ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪ್ರಸಾರವೆಂಬುದು ಕೇಂದ್ರದ ಪಟ್ಟಿಗೆ, ಅಂಚೆ ತಂತಿಗಳ ಜೊತೆಗೆ 31ನೆಯ ಬಾಬಿಗೆ ಸೇರಿದೆ. ಆದುದರಿಂದ ಚಂದನವು ಕನ್ನಡವನ್ನಾಡಿದರೂ ಬೆಂಗಳೂರಿನ ಸರಕಾರದ ಸೊತ್ತಲ್ಲ. ಅದು ಪ್ರಸಾರ ಭಾರತಿಯೆಂಬ ನಿಗಮದ ಒಂದು ಶಾಖೆ. ಈ ನಿಗಮದ ಜನನವೇ ಒಂದು ಕಥೆ. ಪ್ರಸಾರವನ್ನು ಸರಕಾರದ ಹಿಡಿತದಿಂದ ಬಿಡಿಸಿ ‘ಆಕಾಶ ಭಾರತಿ’ ಎಂಬ ಸ್ವತಂತ್ರ ಸಂಸ್ಥೆಗೆ ವಹಿಸಬೇಕೆಂದು ಬಿ.ಜಿ. ವರ್ಗೀಸ್ ಸಮಿತಿಯು 1978ರಲ್ಲಿಯೇ ಹೇಳಿತು. ಅಂಥದೊಂದು ಕಾಯಿದೆಯಾದದ್ದು 1990ರಲ್ಲಿ. ಆದ ಕಾಯಿದೆಯೂ ಏಳು ವರ್ಷ ನಿದ್ರಿಸಿತು. ಈ ನಡುವೆ, 1995ರಲ್ಲಿ, ಆಕಾಶದ ಅಲೆಗಳು ಸಾರ್ವಜನಿಕರ ಸೊತ್ತೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಡೆಗೆ 1997ರ ಸೆಪ್ಟೆಂಬರ್ 15ರಂದು ಕಾಯಿದೆ ಎಚ್ಚೆತ್ತಿತು. ಅದೇ ನವೆಂಬರಿನಲ್ಲಿ ನಿಗಮ ಸ್ಥಾಪನೆಯಾಯಿತು.

ಅದರ ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರು, ಕಾರ್ಯನಿರ್ವಾಹಕ ಸದಸ್ಯರು, ಹಣಕಾಸಿಗೊಬ್ಬರು, ಸಿಬ್ಬಂದಿಗೊಬ್ಬರು, ಆರು ಮಂದಿ ಅರೆಕಾಲಿಕ ಸದಸ್ಯರು, ಆಕಾಶವಾಣಿ ದೂರದರ್ಶನಗಳ ಮಹಾನಿರ್ದೇಶಕರು, ಮಂತ್ರಾಲಯದ ಪ್ರತಿನಿಧಿಯೊಬ್ಬರು, ನೌಕರರ ಪ್ರತಿನಿಧಿಗಳಿಬ್ಬರು ಇರಬೇಕೆಂದು ಕಾಯಿದೆ ಹೇಳುತ್ತದೆ. ಅಧ್ಯಕ್ಷರನ್ನೂ ಮುಖ್ಯ ಸದಸ್ಯರನ್ನೂ ಆರಿಸಿ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುವವರು ಮೂವರು: ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲಿನ ಅಧ್ಯಕ್ಷರು, ರಾಷ್ಟ್ರಪತಿಗಳು ಹೆಸರಿಸಿದ ಒಬ್ಬರು. ದೇಶದ ಏಕತೆ, ಭದ್ರತೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರಕಾರವು ನಿಗಮಕ್ಕೆ ನಿರ್ದೇಶನ ಕೊಡಬಹುದು. ಆದರೆ ಹಾಗೆ ಪ್ರಸಾರ ಮಾಡಿದಾಗ, “ಇದು ಸರಕಾರದ ನಿರ್ದೇಶನದಂತೆ” ಎಂದು ಸಾರುವ ಸ್ವಾತಂತ್ರ್ಯವನ್ನು 23ನೆಯ ಕಲಮು ನಿಗಮಕ್ಕೆ ಇತ್ತಿದೆ. ಕಾಯಿದೆಯನ್ನು ಬರೆದವರಿಗೆ ಮುತ್ಯಾನ ಸಂಶಯ ಹೊಸದೇನಲ್ಲವೆಂದಾಯಿತು!

ಇನ್ನು ಹಣದ ಮಾತು. ಹಿಂದೆ ರೇಡಿಯೋ, ಟಿ.ವಿ.ಗಳನ್ನು ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. 1980ರ ದಶಕದ ನಡುವಿನಲ್ಲಿ ಅದು ರದ್ದಾಯಿತು. ಈಗ ಪ್ರಸಾರ ಭಾರತಿಗೆ ಹಣ ಬರುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಪಾರ್ಲಿಮೆಂಟು ಮಂಜೂರು ಮಾಡುವ ಅನುದಾನ. 2007ರ ಅಕ್ಟೋಬರ್ 5ರ ವರೆಗೆ ನೇಮಕವಾದ ನೌಕರರು ಕೇಂದ್ರ ಸರಕಾರದ ನೌಕರರಾಗಿಯೇ ಉಳಿದು, ನಿಗಮಕ್ಕೆ ಎರವಲು ಬಂದವರೆಂದು ಕಾಯಿದೆಯ ತಿದ್ದುಪಡಿಯು ಹೇಳುತ್ತದೆ. ಯಂತ್ರೋಪಕರಣಗಳ ಸುಧಾರಣೆಗೆಂದು 2023ರ ಜನವರಿಯಲ್ಲಿ 2539 ಕೋಟಿ ರೂಪಾಯಿಗಳಿಗೂ ಮೀರಿದ ಯೋಜನೆಯೊಂದು ಕೇಂದ್ರದಿಂದ ಮಂಜೂರಾಯಿತು. ಇನ್ನೊಂದು ದಾರಿ, ನಿಗಮವು ತಾನೇ ದುಡಿಯುವುದು: ಜಾಹೀರಾತು, ಹಾಗೂ ಮಾಸಿಕ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಜಾಗವನ್ನು ಹರಾಜು ಹಾಕಿ ಬಂದ ಹಣ. ಲೆಕ್ಕವನ್ನು ತಪಾಸಣೆ ಮಾಡುವವರು ಮಹಾಲೇಖಪಾಲರು. ವಾರ್ಷಿಕ ವರದಿ ಬರುವುದು ಪಾರ್ಲಿಮೆಂಟಿನ ಮುಂದೆ.

ಇಷ್ಟನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ಕೊರಗು. ಪ್ರದೇಶಗಳ ಭಾಷೆ, ಸಂಸ್ಕೃತಿಗಳಿಗೆ ತಕ್ಕಷ್ಟು ಎಡೆ ಕೊಡಬೇಕೆಂದು ಕಾಯಿದೆಯ 12ನೆಯ ಕಲಮು ಬಾಯಿ ತುಂಬ ಹೇಳುತ್ತದೆ. ಆದರೆ ಅದೇ ಕಾಯಿದೆಯಲ್ಲಿ ಚಂದನಕ್ಕೆಂದು ಪ್ರತ್ಯೇಕ ಮಂಡಳಿಯಿಲ್ಲ, ಪ್ರತ್ಯೇಕ ನಿಧಿಯಿಲ್ಲ. ಎಲ್ಲ ಭಾಷೆಗಳ ಅಡಿಗೆಗೂ ಒಂದೇ ಉಗ್ರಾಣ, ಅದರ ಬೀಗದ ಕೈ ಡಿಲ್ಲಿಯಲ್ಲಿ.

ಬೇರೆ ದಾರಿ ಇಲ್ಲವೆ? ಬ್ರಿಟನ್ನಿನ ವೇಲ್ಸ್ ನಾಡನ್ನು ನೋಡಿರಿ. ತಮ್ಮ ಭಾಷೆಗೊಂದು ವಾಹಿನಿ ಬೇಕೆಂದು ಆ ಜನ ಬಹುಕಾಲ ಹೋರಾಡಿದರು. ಕೊಟ್ಟ ಮಾತಿಗೆ ಸರಕಾರ ತಪ್ಪಲು, ಗ್ವಿನ್‌ವರ್ ಇವಾನ್ಸ್ ಎಂಬ ನಾಯಕರು 1980ರಲ್ಲಿ ಆಮರಣ ಉಪವಾಸದ ಪಣ ತೊಟ್ಟರು. ಸರಕಾರ ಮಣಿಯಿತು. 1982ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನದಂದೇ, ಎಸ್ ಫೋರ್ ಸಿ ವಾಹಿನಿ ಆರಂಭವಾಯಿತು. ಅದಕ್ಕೆ ತನ್ನದೇ ಮಂಡಳಿಯಿದೆ, ತನ್ನದೇ ಹಣವಿದೆ. 2022ರಿಂದ ಅದರ ಸಾರ್ವಜನಿಕ ಹಣವೆಲ್ಲ ಟಿ.ವಿ. ಲೈಸೆನ್ಸಿನಿಂದ ಬರುತ್ತಿದ್ದು, ವರ್ಷಕ್ಕೆ ಸುಮಾರು 9 ಕೋಟಿ ಪೌಂಡುಗಳಾಗುತ್ತದೆ. ಅಲ್ಲಿಯೂ ಎಲ್ಲವೂ ಹಾಲುಜೇನಲ್ಲ. ಮಂಡಳಿಯವರನ್ನು ನೇಮಿಸುವವರು ಲಂಡನ್ನಿನ ಮಂತ್ರಿಗಳು. 2010ರಲ್ಲಿ ಅನುದಾನ ಕಡಿತದ ನಿರ್ಧಾರ ಲಂಡನ್ನಿನಲ್ಲಿಯೇ ಆಯಿತು. ಆದರೂ 2021ರ ಜನಗಣತಿಯಂತೆ ವೇಲ್ಸಿನಲ್ಲಿ ಆ ಭಾಷೆಯನ್ನು ಬಲ್ಲವರು 5 ಲಕ್ಷ 38 ಸಾವಿರ ಮಂದಿ. ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ. ಹೋಲಿಕೆಯನ್ನು ವಾಚಕರೇ ಮಾಡಿಕೊಳ್ಳಲಿ.

ಖಾಸಗಿ ವಾಹಿನಿಗಳು ಬೇಕಾದಷ್ಟಿರುವಾಗ ಈ ಚಿಂತೆಯೇಕೆಂದು ಕೆಲವು ಗೆಳತಿಯರು ಕೇಳುತ್ತಾರೆ. ನನ್ನ ಉತ್ತರ ಸ್ವಂತದ್ದು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ನಾನು ಎಸ್.ಎಸ್.ಎಲ್.ಸಿ.ಗೆ ಕಾಲಿಟ್ಟಿದ್ದೆ. ಮನೆಯಲ್ಲಿದ್ದ ಒಂದೇ ಫೋನಿನಲ್ಲಿ ಮಾತನಾಡಬಹುದಾಗಿತ್ತೇ ಹೊರತು ಪಾಠ ನೋಡುವಂತಿರಲಿಲ್ಲ. ಅದೂ ಅಪ್ಪನ ಜೊತೆ ಕೂಲಿಗೆ ಹೋಗುತ್ತಿತ್ತು. ಆ ಜುಲೈಯಿಂದ ಶಿಕ್ಷಣ ಇಲಾಖೆಯ ‘ಸಂವೇದ’ ಪಾಠಗಳು ಚಂದನದಲ್ಲಿ ಬರತೊಡಗಿದವು. ಅವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳದ ನಡುವೆ, ಕರೆಂಟು ಇದ್ದಷ್ಟು ಹೊತ್ತು, ನಾನು ಗಣಿತ ಕಲಿತೆ. ಪಕ್ಕದ ಮನೆಯ ಇಬ್ಬರು ಹುಡುಗಿಯರೂ ನಮ್ಮ ಪಡಸಾಲೆಗೆ ಬರುತ್ತಿದ್ದರು. 2021ರ ಜುಲೈಯಲ್ಲಿ ಪರೀಕ್ಷೆ ಬರೆದು ಮೂವರೂ ತೇರ್ಗಡೆಯಾದೆವು. ಲಾಭವನ್ನೇ ನೋಡುವ ವಾಹಿನಿಗೆ ನಮ್ಮ ಪಡಸಾಲೆಯಿಂದ ಬರುವ ಆದಾಯವೇನು? ಬಹುಮಾನವೆಂದು ಪುಸ್ತಕ ಕೊಡುವ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮ 2002ರಲ್ಲಿ ಆರಂಭವಾಗಿ ಅಷ್ಟು ಕಾಲ ಬಾಳಿದ್ದೂ ಲಾಭದ ತಕ್ಕಡಿಯಲ್ಲಿ ತೂಗದ ಜಾಗದಲ್ಲಿಯೇ. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದ ಮೊದಲಿಗಳು ನಾನು. ಆ ಹೊಸ್ತಿಲಿಗೆ ತಂದ ಮೆಟ್ಟಿಲುಗಳಲ್ಲಿ ಚಂದನವೂ ಒಂದು.

ಆದುದರಿಂದ ನಾನು ಬಯಸುವುದು ದೊಡ್ಡದೇನೂ ಅಲ್ಲ. ಚಂದನಕ್ಕೆಂದು ಮೀಸಲಾದ ನಿಧಿ, ವರ್ಷಕ್ಕೊಮ್ಮೆ ಕನ್ನಡದಲ್ಲಿಯೇ ಅಚ್ಚಾದ ಅದರ ಲೆಕ್ಕ, ರೈತರೂ ಶಿಕ್ಷಕರೂ ಕಲಾವಿದರೂ ಕುಳಿತು ಮಾತನಾಡಬಲ್ಲ ಒಂದು ಮಂಡಳಿ, ಇಷ್ಟೇ. ಇದನ್ನು ಕೇಳಬೇಕಾದ ಜಾಗವೂ ಈಗ ಗೊತ್ತಾಗಿದೆ. ಅನುದಾನವನ್ನು ಮಂಜೂರು ಮಾಡುವುದು ಪಾರ್ಲಿಮೆಂಟು. ಅಲ್ಲಿ ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 40 ಸ್ಥಾನಗಳು ಕರ್ನಾಟಕದವು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ರಸ್ತೆ, ನೀರುಗಳ ಜೊತೆಗೆ ಈ ಮಾತನ್ನೂ ಕೇಳೋಣ. ಓದು ಕಲಿತವರು ಕೇಳದಿದ್ದರೆ, ಕಲಿಯಬೇಕಾದವರ ಪರವಾಗಿ ಮತ್ತಾರು ಕೇಳುವರು?