ಹಚಾ, ಛೂ ನಡುವ ಮೂರು ಮಾತು

ನಮ್ಮ ಬಾಗಲವಾಡದಾಗ ಸಾಕಿದ ನಾಯಿಗೆ ಮರಿ ಇದ್ದಾಗಿಂದ ಎರಡ ಮಾತು ಕಲಿಸ್ತೀವಿ. ಒಂದು "ಹಚಾ", ಇನ್ನೊಂದು "ಛೂ". ಮೊದಲನೇದು ದೂರ ಹೋಗು ಅಂತ, ಎರಡನೇದು ಹೋಗಿ ಹಿಡಿ ಅಂತ. ಇವೆರಡರ ನಡುವ ಮನ್ಯಾಗ ಹೆಂಗ ಇರಬೇಕು ಅನ್ನೋದನ್ನ ಯಾರೂ ಹೇಳಿಕೊಡಂಗಿಲ್ಲ. ಆಮ್ಯಾಲ "ಈ ನಾಯಿಗೆ ಬುದ್ಧಿನ ಇಲ್ಲ ನೋಡು" ಅಂತ ಬೈತೀವಿ.

ನಮ್ಮ ಮನಿಗೆ ಕೆಂಚ ಬಂದ ದಿನಾನ ನಾನು ಹೇಳಿಬಿಟ್ಟೆ: ಈ ಮನ್ಯಾಗ ಯಾರೂ ಛೂ ಅನ್ನಬಾರದು, ಆಟಕ್ಕೂ ಅನ್ನಬಾರದು. ಹುಡುಗ್ರು ಮುಖ ಉಬ್ಬಿಸಿಕೊಂಡ್ರು. ಮಾವನೋರು "ಮತ್ತ ನಾಯಿ ಯಾಕ ಸಾಕಬೇಕವ್ವಾ?" ಅಂತ ನಕ್ರು. ಕಳ್ಳ ಯಾರು, ಮೊಸರು ತರೋ ಆಯಿ ಯಾರು ಅಂತ ನಾಯಿಗೆ ತಿಳಿಯಂಗಿಲ್ರಿ. ಛೂ ಅಂದ್ರ ಅದು ಓಡೋ ಕಾಲು ನೋಡ್ತೈತಿ. ನಮ್ಮ ಓಣ್ಯಾಗ ಓಡೋ ಕಾಲು ಅಂದ್ರ ನಮ್ಮ ಮಕ್ಕಳ ಕಾಲು. ಹೊಸಬ್ರು ಬಂದ್ರ ಬೊಗಳೋದು ಅದರ ಹುಟ್ಟುಗುಣ. ಅಷ್ಟು ಕಾವಲು ಸಾಕು.

ಕಲಿಸಿದ್ದು ಮೂರ ಮಾತು: ಕುಂದ್ರು, ತಡಿ, ಬಾ. ರೊಟ್ಟಿ ಹಾಕೋರು ನಾವು ಹೆಣ್ಮಕ್ಕಳು, ಹಂಗಾಗಿ ಕಲಿಸೋದೂ ನಮ್ಮ ಕೈಯಾಗ ಐತಿ. ಮುಂಜಾನಿ ಹಸಿದಾಗ ಜ್ವಾಳದ ರೊಟ್ಟಿ ಚೂರು ಅದರ ಮೂಗಿನ ಹತ್ರ ಹಿಡಿದು, ಕೈ ನಿಧಾನಕ್ಕ ತಲಿ ಮ್ಯಾಲಿಂದ ಹಿಂದಕ್ಕ ಒಯ್ಯಬೇಕು. ಚೂರು ನೋಡಾಕ ಮುಖ ಎತ್ತಿದ್ರ ಕುಂಡಿ ತಾನಾಗೇ ನೆಲಕ್ಕ ಹತ್ತತೈತಿ. ಆವಾಗ "ಕುಂದ್ರು" ಅಂದು, ತಕ್ಷಣ ಚೂರು ಕೊಡಬೇಕು. ಬೆನ್ನು ಒತ್ತಿ ಕೂಡಸಬ್ಯಾಡ್ರಿ, ಮರಿ ಅಂಜತೈತಿ. ಐದು ನಿಮಿಷ ಸಾಕು, ದಿನಕ್ಕ ಎರಡು ಸಲ. ಬ್ಯಾಸಿಗ್ಯಾಗ ಹೊತ್ತು ಏರೂದ್ರೊಳಗ ಮುಗಿಸಬೇಕು. ನಮ್ಮ ರಾಯಚೂರು ಬಿಸಲಾಗ ಬಂಡಿ ಮ್ಯಾಲ ನಾವು ಬರಿಗಾಲಲೆ ನಿಂದ್ರಾಕ ಆಗಂಗಿಲ್ಲ, ಅದಕ್ಕೂ ಅಂಗಾಲು ಸುಡತೈತಿ. ಮತ್ತ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ಹಚ್ಚಿದ ರೊಟ್ಟಿ ಕೊಡಬ್ಯಾಡ್ರಿ, ನಾಯಿಗೆ ಅವು ವಿಷ.

ತ್ರಾಸ ಆಗಿದ್ದು ನಾಯಿದಲ್ಲ, ಮನಿ ಮಂದಿದು. ನಾನು "ಕುಂದ್ರು" ಅಂದ್ರ ನಮ್ಮತ್ತಿ "ಏ ಕೂಡು ಅಲ್ಲೆ" ಅನ್ನೋರು, ಮಗ "ಸಿಟ್" ಅನ್ನಾಂವ. ಮೂರು ಮಂದಿ ಮೂರು ಮಾತು ಆಡಿದ್ರ ಪಾಪ ಅದು ಏನು ತಿಳ್ಕೊಬೇಕು? ಅತ್ತಿಯೋರ ಕಡೀಗೆ "ಎಲ್ರೂ ಕುಂದ್ರು ಅನ್ರಿ, ಅದೂ ನಮ್ಮೂರದ ಐತಿ" ಅಂತ ತೀರ್ಮಾನ ಕೊಟ್ರು. ಎಂಟ ದಿನದಾಗ ಕೆಂಚ ಕಲಿತ.

"ತಡಿ" ಕಲಿಸೋದಕ್ಕ ತಿಂಗಳ ಹಿಡೀತು. ತಾಟು ಇಟ್ಟು ತಡಿ, ಬಾಗಲಾ ತೆಗೆದು ತಡಿ. ಮೊದಲು ಎಣಿಸಿ ಮೂರು, ಆಮ್ಯಾಲ ಹತ್ತು, ಆಮ್ಯಾಲ ನಾನು ಅಡಗಿಮನಿಗೆ ಹೋಗಿ ಬರೋ ತನಕ. ಇದನ್ನ ನಾನು ಹಟ ಹಿಡಿದು ಕಲಿಸಿದ್ದು ಎದರ ಮನಿ ಅಕ್ಕನ ಸಲುವಾಗಿ. ಸಣ್ಣಾಕಿ ಇದ್ದಾಗ ಆಕಿಗೆ ನಾಯಿ ಕಡಿದಿತ್ತು. ಕೆಂಚ ಬಂದ ಮ್ಯಾಲ ಆಕಿ ನಮ್ಮ ಪಡಸಾಲಿ ತುಳಿದಿರಲಿಲ್ಲ. ಹೆಪ್ಪಿಗೆ ಮಜ್ಜಿಗಿ ಬೇಕಂದ್ರೂ ಬಾಗಲ ಹೊರಗ ನಿಂತು ಕೂಗ್ತಿದ್ಲು. ಇಪ್ಪತ್ತು ವರ್ಷದ ಹೋಗೋದು ಬರೋದು ಒಂದು ಮರಿ ಸಲುವಾಗಿ ನಿಂತ್ರ ಹೆಂಗ ಹೇಳ್ರಿ? ಅದಕ್ಕ ಕೆಂಚಗ ಒಂದು ಗೋಣಿತಟ್ಟು ಹಾಸಿ ಕೊಟ್ಟೆ. ಯಾರ ಬರಲಿ, "ತಡಿ" ಅಂದ್ರ ಅದರ ಮ್ಯಾಲ ಕುಂದ್ರಬೇಕು, ಬಂದೋರ ಮೈಮ್ಯಾಲ ಜಿಗೀಬಾರದು. ಈಗ ಅಕ್ಕ ಒಳಗ ಬರ್ತಾಳ. ಕಣ್ಣು ಮಾತ್ರ ಇನ್ನೂ ಗೋಣಿತಟ್ಟಿನ ಕಡೀಗೇ ಇರತಾವ.

ನನ್ನ ಮೈದುನ "ಮುಧೋಳ ನಾಯಿ ತರಬೇಕಿತ್ತು ವೈನಿ" ಅಂತಾನ. 2005ರಾಗ ಆ ನಾಯಿ ಚಿತ್ರದ ಅಂಚೆಚೀಟಿ ಬಂದೈತಿ, 2016ರಾಗ ಸೈನ್ಯದೋರು ಮುಧೋಳ ನಾಯಿಗಳನ್ನ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಾರ. ನಮಗೂ ಹೆಮ್ಮಿನ. ಆದ್ರ ಅದು ಬ್ಯಾಟಿ ನಾಯಿ, ಬಯಲಾಗ ಓಡಿಸಬೇಕು. ಹಿತ್ತಲದಾಗ ಸರಪಳಿ ಹಾಕಿ ಕಟ್ಟೋರಿಗೆ ಅದಲ್ಲ. ನಮ್ಮ ಕೆಂಚ ಓಣಿ ನಾಯಿ ಮರಿ, ರೊಟ್ಟಿ ಚೂರಿಗೆ ಎಲ್ಲಾ ಕಲೀತಾನ.

ಇನ್ನೊಂದು ಮಾತು. ಎಷ್ಟ ಕಲಿಸಿದ್ರೂ ಸೂಜಿ ಬಿಡಬ್ಯಾಡ್ರಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಸೂಜಿ, ಆಮ್ಯಾಲ ಪಶು ಡಾಕ್ಟರ್ ಹೇಳಿದಂಗ ವರ್ಷಾ ವರ್ಷಾ. ಯಾವ ನಾಯಿ ಕಡಿದ್ರೂ, ಹಲ್ಲು ಬರೇ ತರಚಿದ್ರೂ, ಸಬಕಾರ ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳೀಬೇಕು, ಆಮ್ಯಾಲ ನೆಟ್ಟಗ ದವಾಖಾನಿಗೆ. ಖಾರಪುಡಿ, ಸುಣ್ಣ ಬಡಿಯೋದು ಬ್ಯಾಡ. ಡಾಕ್ಟರ್ ಹೇಳಿದಷ್ಟೂ ಸೂಜಿ ಮುಗಿಸಬೇಕು. ಆ ರೋಗ ಎದ್ದ ಮ್ಯಾಲ ಉಳಿಸೋ ಔಷಧ ಇಲ್ಲ. ಮಕ್ಕಳು ಮನ್ಯಾಗ ಬೈತಾರ ಅಂತ ಮುಚ್ಚಿಡ್ತಾವ, ಅದಕ್ಕ ನಾಯಿ ತರಚಿದ್ರ ಬೈಯಂಗಿಲ್ಲ ಅಂತ ಮೊದಲ ಹೇಳಿಡ್ರಿ.

ಕೆಂಚಂದು ಒಂದು ಚಟ ಮಾತ್ರ ಇನ್ನೂ ಬಿಟ್ಟಿಲ್ಲ, ಬೈಕ್ ಹಿಂದ ಓಡೋದು. "ಬಾ" ಅಂದ್ರ ಹತ್ತರಾಗ ಆರು ಸಲ ತಿರುಗಿ ಬರ್ತಾನ, ಉಳಿದ ನಾಲ್ಕು ಸಲ ಕಿವಿ ಕೇಳಂಗಿಲ್ಲ. ಸಂಜಿಗೆ ಹೊಲದಿಂದ ಗಾಡಿ ಬರೋ ಹೊತ್ತಿಗೆ ಹಗ್ಗ ಹಾಕಿ ಕಟ್ಟಿಯ ಮ್ಯಾಲ ನನ್ನ ಬಾಜೂಕ ಕೂಡಸ್ಕೋತೀನಿ. ಇದಕ್ಕ ನಿಮ್ಮಾಗ ಯಾರ ಹತ್ರಾನಾದ್ರೂ ಉಪಾಯ ಇದ್ರ ಹೇಳ್ರವ್ವಾ, ಬಡಿಯೋದು ಒಂದು ಬಿಟ್ಟು.