ಭಾವನವರ ಬ್ಯೂಯಿಕ್ ಕಾರು

ಮೂಡಲಪಾಳ್ಯದಲ್ಲಿರುವ ನಮ್ಮ ಅಕ್ಕನ ಮನೆಯ ಹಿಂದಿನ ಶೆಡ್ಡು ಈಗ ಖಾಲಿಯಾಗಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ನಿಂತಿದ್ದ ಕಾರನ್ನು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ನೋಡಿರಬಹುದು. ಬಂಧುಗಳಲ್ಲಂತೂ ಅದರ ಹಿಂದಿನ ಸೀಟಿನಲ್ಲಿ ಕುಳಿತು ವಾಂತಿ ಮಾಡಿಕೊಳ್ಳದವರೇ ಕಡಿಮೆ. ಅದು ಹೇಗೆ ಮಾರಾಟವಾಯಿತೆಂದು ಎಲ್ಲರೂ ಕೇಳುತ್ತಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಅದರಲ್ಲಿ ನನ್ನ ಪಾತ್ರವೂ ಇದೆ; ಅದು ಸರಿಯೋ ತಪ್ಪೋ ಓದಿದವರೇ ಹೇಳಬೇಕು.

ಅದು 1947ರ ಬ್ಯೂಯಿಕ್ ಸೂಪರ್, ಎರಡೇ ಬಾಗಿಲಿನ ಕೂಪೆ. ಅಮೆರಿಕದ ಮಿಷಿಗನ್ ಪ್ರಾಂತ್ಯದ ಫ್ಲಿಂಟ್ ನಗರ ಬ್ಯೂಯಿಕ್ ಕಾರುಗಳ ತವರು. ಎರಡನೆಯ ಮಹಾಯುದ್ಧದ ಕಾರಣ 1942ರಿಂದ 1945ರವರೆಗೆ ಆ ಕಾರ್ಖಾನೆ ಕಾರು ಬಿಟ್ಟು ವಿಮಾನದ ಇಂಜಿನ್ನು, ಯುದ್ಧವಾಹನಗಳನ್ನು ತಯಾರಿಸುತ್ತಿತ್ತು. ಶಾಂತಿ ಮರಳಿದ ಮೇಲೆ ಬಂದ ಕಾರುಗಳ ಬಾನೆಟ್ಟಿನ ತುದಿಯಲ್ಲಿ ಬಾಂಬರ್ ವಿಮಾನದ ಗುರಿಕಾಣುವ ಸಾಧನವನ್ನು ಹೋಲುವ ಕ್ರೋಮ್ ಬಳೆಯೊಂದನ್ನು ಕೂರಿಸಿದರು. ನಾವು ಮಕ್ಕಳು ಅದನ್ನು ‘ಕಾರಿನ ಮೂಗುತಿ’ ಎನ್ನುತ್ತಿದ್ದೆವು. ಹದಿನೇಳು ಅಡಿಗೂ ಹೆಚ್ಚು ಉದ್ದ. ಮುಂದೆ ಹಲ್ಲು ಕಿರಿದಂತಹ ಜಾಲರಿ. ನೆತ್ತಿಯಿಂದ ಹಿಂದಿನ ಬಂಪರಿನವರೆಗೆ ಒಂದೇ ಇಳಿಜಾರು, ಮಳೆನೀರು ಜಾರುವ ಹಾಗೆ. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರುಗಳು, ನಾಲ್ಕು ಲೀಟರಿಗೂ ಮೀರಿದ ಇಂಜಿನ್. ನಾಲ್ಕೂ ಚಕ್ರಗಳಿಗೆ ಸುರುಳಿ ಸ್ಪ್ರಿಂಗುಗಳಿದ್ದುದರಿಂದ ಕಾರು ಹಳ್ಳದಲ್ಲಿ ಕುಲುಕುತ್ತಿರಲಿಲ್ಲ, ತೊಟ್ಟಿಲಿನಂತೆ ತೂಗುತ್ತಿತ್ತು. ಮೇಲೆ ಹೇಳಿದ ವಾಂತಿಗೆ ಕಾರಣವೂ ಅದೇ.

ಭಾವನವರು ಕಾರ್ಖಾನೆಯೊಂದರಲ್ಲಿ ಫೋರ್‌ಮನ್. 1971ರಲ್ಲಿ ಅವರು ಅದನ್ನು ಕೊಂಡಾಗ ನನಗೆ ಹನ್ನೊಂದು ವರ್ಷ. ಫೋರ್‌ಮನ್ನನಿಗೆ ಅಂತಹ ಕಾರು ಹೇಗೆ ದಕ್ಕಿತೆಂದರೆ, ಅದು ಯಾರಿಗೂ ಬೇಡವಾಗಿತ್ತು. ಬಿಡಿಭಾಗ ಸಿಗುವುದಿಲ್ಲ, ಲೀಟರಿಗೆ ಐದಾರು ಕಿಲೋಮೀಟರ್ ಓಡಿದರೆ ಪುಣ್ಯ. ಎರಡು ವರ್ಷ ಕಳೆಯುವುದರಲ್ಲಿ, 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ಹಿಂದೆಯೇ ಪೆಟ್ರೋಲ್ ಬೆಲೆ ಏರಿತು. ಅಂತಹ ಅನೇಕ ಕಾರುಗಳ ಹೊಟ್ಟೆಗೆ ಜನ ಡೀಸೆಲ್ ಇಂಜಿನ್ ತುಂಬಿಸಿದರು. ಭಾವನವರು ಒಪ್ಪಲಿಲ್ಲ. ಹಬ್ಬಕ್ಕೆ, ಮದುವೆಗೆ ಮಾತ್ರ ತೆಗೆಯುತ್ತಿದ್ದರು. 1991ರ ಬಳಿಕ ಅದು ಶೆಡ್ಡಿನಿಂದ ಕದಲಲಿಲ್ಲ.

ಆ ಕಾರಿನ ಒಂದು ಸೋಜಿಗವನ್ನು ಹೇಳಲೇಬೇಕು. ಅದಕ್ಕೆ ಸ್ಟಾರ್ಟ್ ಮಾಡುವ ಪ್ರತ್ಯೇಕ ಗುಂಡಿಯಿಲ್ಲ. ಕೀಲಿ ತಿರುಗಿಸಿ ಆಕ್ಸಿಲರೇಟರನ್ನು ಪಾದದಿಂದ ಒತ್ತಿದರೆ ಇಂಜಿನ್ ಏಳುತ್ತದೆ. ಓಡುವಾಗಲೂ ಅದೇ ಪೆಡಲ್ ಒತ್ತುತ್ತೇವಲ್ಲ, ಆಗ ಸ್ಟಾರ್ಟರ್ ಮತ್ತೆ ಏಕೆ ತಿರುಗುವುದಿಲ್ಲ? ಇಂಜಿನ್ ಓಡುವಾಗ ಅದರೊಳಗೆ ಉಂಟಾಗುವ ನಿರ್ವಾತವು ಕಾರ್ಬೊರೇಟರಿನಲ್ಲಿರುವ ಸ್ವಿಚ್ಚನ್ನು ಸೆಳೆದು ಹಿಡಿದಿರುತ್ತದೆ. ಇದನ್ನು ಭಾವನವರು ಹೇಳಿಕೊಟ್ಟ ದಿನವೇ ನಾನು ವಿಜ್ಞಾನದ ಮೇಷ್ಟ್ರಾಗುವುದು ನಿಶ್ಚಯವಾಯಿತೆಂದು ಕಾಣುತ್ತದೆ.

ಭಾವನವರು ತೀರಿಕೊಂಡು ಬಹಳ ವರ್ಷಗಳಾದವು. ಅಕ್ಕನಿಗೆ ಈಗ ಎಪ್ಪತ್ತೆಂಟು. ಎರಡೂ ಮಂಡಿಗಳು ಸವೆದಿವೆ, ಬದಲಿಸಬೇಕೆಂದು ವೈದ್ಯರು ಹೇಳಿದ್ದಾರೆ. ನನ್ನ ಸೋದರಳಿಯನ ತಲೆಯ ಮೇಲೆ ಮನೆ ರಿಪೇರಿಯ ಸಾಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಥಳಥಳಿಸುವ ಹಳೆಯ ಕಾರುಗಳನ್ನು ನೋಡಿ ಬಂದವನು, ನಮ್ಮದೂ ಅಷ್ಟೇ ಬೆಲೆಬಾಳುತ್ತದೆಂದು ನಂಬಿದ. ಮಾರಾಟಕ್ಕೆ ಜಾಹೀರಾತು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಕಾಣದ್ದನ್ನು ಬರೆಯಬಾರದೆಂದು, ಕಾಮಾಕ್ಷಿಪಾಳ್ಯದ ಕಡೆ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ. ಅವನು ಮೊದಲು ಪ್ಲಗ್ಗುಗಳನ್ನು ಬಿಚ್ಚಿ ಎಂಟೂ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಹೇಳಿ ಹೋದ. ಮರಳಿ ಬಂದು ಕೈಯಿಂದ ತಿರುಗಿಸಿದಾಗ ಇಂಜಿನ್ ತಿರುಗಿತು. ಆರ್‌ಸಿ ಪುಸ್ತಕದಲ್ಲಿದ್ದ ಇಂಜಿನ್ ನಂಬರೂ ಲೋಹದ ಮೇಲಿನ ನಂಬರೂ ಒಂದೇ. “ಸರ್, ಅರ್ಧ ಬೆಲೆ ಇದರಲ್ಲೇ ಇದೆ” ಎಂದ. ಅನಂತರ ಜೇಬಿನಿಂದ ಅಯಸ್ಕಾಂತವೊಂದನ್ನು ತೆಗೆದು, ಬಣ್ಣಕ್ಕೆ ಗೀರು ಬೀಳದಂತೆ ಬಟ್ಟೆ ಸುತ್ತಿದ.

“ನೀವು ಕ್ಲಾಸಿಗೆ ತರ್ತಿದ್ರಲ್ಲ ಸರ್, ಅದೇ ಪಾಠ.”

ಬಾನೆಟ್ಟಿಗೆ, ಬಾಗಿಲಿಗೆ, ನೆತ್ತಿಗೆ ಅಯಸ್ಕಾಂತ ಅಂಟಿತು. ಹಿಂದಿನ ಚಕ್ರಗಳ ಮೇಲಿನ ಉಬ್ಬಿನಲ್ಲಿ ಜಾರಿ ಕೆಳಗೆ ಬಿತ್ತು. ಅಲ್ಲಿ ತಗಡು ತಿಂದುಹೋಗಿ ಬರೀ ಪುಟ್ಟಿ ಉಳಿದಿತ್ತು. ಕಾಲಡಿಯ ಚಾಪೆ ಎತ್ತಿದರೆ ತುಕ್ಕಿನ ತೂತುಗಳಲ್ಲಿ ಶೆಡ್ಡಿನ ನೆಲ ಕಂಡಿತು. ಮಧ್ಯವರ್ತಿ ಮಾತ್ರ, “ತುಕ್ಕು ಇಲ್ಲ ಅಂತಲೇ ಬರೀರಿ, ಬಂದೋರು ಚಾಪೆ ಎತ್ತಲ್ಲ” ಎಂದ.

ನಾನು ಬರೆದದ್ದು ಇಷ್ಟು: “1947ರ ಬ್ಯೂಯಿಕ್ ಸೂಪರ್ ಕೂಪೆ. ಮೈಸೂರು ರಾಜ್ಯದ ಕಾಲದ ನೋಂದಣಿ. ಮೂಲ ಇಂಜಿನ್, ಮೂಲ ಗೇರ್‌ಬಾಕ್ಸ್. ಕ್ರೋಮ್ ಮಸುಕಾಗಿದೆ, ಪೂರ್ಣವಾಗಿದೆ. ಹಿಂದಿನ ಎರಡೂ ಮಡ್‌ಗಾರ್ಡಿನಲ್ಲಿ ಪುಟ್ಟಿ ಇದೆ. ನೆಲದ ತಗಡು ತೂತಾಗಿದೆ, ಬದಲಿಸಬೇಕು. ಬ್ರೇಕ್ ಇಲ್ಲ. ಇಂಜಿನ್ ಏಳುತ್ತದೆ.”

ಅಳಿಯನಿಗೆ ಕೋಪ ಬಂತು. “ಮಾವ, ನೀವು ಉತ್ತರಪತ್ರಿಕೆ ತಿದ್ತಾ ಇಲ್ಲ, ಕಾರು ಮಾರ್ತಾ ಇದ್ದೀರಿ” ಎಂದ. ಅವನಿಗೆ ಒಂದು ಸಮಾಧಾನ ಹೇಳಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ ತೆಗೆಯಬಹುದು. ಆದ್ದರಿಂದ ಬಲ್ಲವರು ಕೊಳ್ಳುವುದು ಹೊಳಪನ್ನಲ್ಲ, ಮೂಲವನ್ನು ಎಂದೆ. ಅವನು ಮಾತನಾಡಲಿಲ್ಲ.

ಎಂಟು ಲಕ್ಷ ಕೊಡುತ್ತೇನೆಂದು ಫೋನಿನಲ್ಲಿ ಹೇಳಿದ್ದವರು ನನ್ನ ಒಕ್ಕಣೆಯನ್ನು ಓದಿ ಬರಲೇ ಇಲ್ಲ. ಎರಡು ತಿಂಗಳ ಬಳಿಕ ಮತ್ತೊಬ್ಬರು ಬಂದರು. ಚೀಟಿಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೂ ತಾಳೆ ನೋಡಿ, ಚಾಪೆಯನ್ನೂ ಎತ್ತಿಸಿ, ಆರು ಲಕ್ಷಕ್ಕೆ ಒಪ್ಪಿದರು. ಸಾಲ ತೀರಿಸಿ ಉಳಿದ ಹಣದಲ್ಲಿ ಅಕ್ಕನ ಒಂದು ಮಂಡಿಗೆ ಮಾತ್ರ ಶಸ್ತ್ರಚಿಕಿತ್ಸೆಯಾಯಿತು.

ಕಾರನ್ನು ಲಾರಿಗೆ ಏರಿಸುವ ದಿನ, ಇನ್ನೂ ಆಪರೇಷನ್ ಆಗದ ಅಕ್ಕ ಗೋಡೆ ಹಿಡಿದು ಬಂದು, ಒಮ್ಮೆ ಕುಳಿತುಕೊಳ್ಳುತ್ತೇನೆಂದಳು. ಐವತ್ತು ವರ್ಷ ಮನೆಯಲ್ಲಿದ್ದ ಕಾರಿನ ಸ್ಟೀರಿಂಗಿನ ಮುಂದೆ ಅವಳು ಕುಳಿತದ್ದು ಅದೇ ಮೊದಲು. ಗ್ಯಾರೇಜಿನ ಹುಡುಗ ಕೀಲಿ ತಿರುಗಿಸಿದ. ಅಕ್ಕ ನೋವಿನಿಂದ ಮುಖ ಕಿವುಚಿ ಪಾದ ಒತ್ತಿದಳು. ಇಂಜಿನ್ ಕೆಮ್ಮಿ, ಹೊಗೆ ಬಿಟ್ಟು, ಮೆಲ್ಲನೆ ಗುನುಗತೊಡಗಿತು.

ಸಂಜೆ ನಾನು ತಡೆಯಲಾರದೆ ಕೇಳಿದೆ, “ನಾನು ಹಾಗೆ ಬರೆಯಬಾರದಿತ್ತೇನಕ್ಕಾ?”

“ನಿಮ್ಮ ಭಾವ ಇದ್ದಿದ್ರೆ ಅವರೂ ಹಾಗೇ ಬರೀತಿದ್ರು ಕಣೋ” ಎಂದಳು. ಸ್ವಲ್ಪ ಹೊತ್ತು ಮಂಡಿ ಸವರಿಕೊಂಡು, “ಆದ್ರೆ ಮಂಡಿ ನಿಂದೂ ಅಲ್ಲ, ಅವರದೂ ಅಲ್ಲ, ನೋಡು” ಎಂದು ನಕ್ಕಳು.

ಇನ್ನೊಂದು ಮಂಡಿಗಾಗಿ ನನ್ನ ಪಿಂಚಣಿಯಲ್ಲಿ ತಿಂಗಳು ತಿಂಗಳು ಸ್ವಲ್ಪ ಎತ್ತಿಡುತ್ತಿದ್ದೇನೆ. ಅಕ್ಕನಿಗೆ ಇದುವರೆಗೆ ಹೇಳಿಲ್ಲ.